ಹಿಡಿ ಅಕ್ಕಿಯ ಶಾಲೆಯಿಂದ ಬಂದ ಕಾಮರಾಜರು

ಪ್ರತಿ ವರ್ಷ ಜುಲೈ 15 ಬಂತೆಂದರೆ ತೇನಿ, ಕಂಬಂ, ದಿಂಡಿಗಲ್ ಕಡೆಯ ಶಾಲೆಗಳಲ್ಲಿ ಒಂದು ಫೋಟೊಗೆ ಹೂವಿನ ಹಾರ ಬೀಳುತ್ತದೆ. ಅಗಲವಾದ ಮುಖ, ಕಪ್ಪು ಮೈಬಣ್ಣ, ಬಿಳಿ ಖಾದಿ ಅಂಗಿ, ಹೆಗಲ ಮೇಲೊಂದು ವಸ್ತ್ರ. ಅವರು ಕೆ. ಕಾಮರಾಜರು. 2006ರಿಂದ ತಮಿಳುನಾಡು ಸರ್ಕಾರ ಅವರ ಹುಟ್ಟುಹಬ್ಬವನ್ನು ಶಿಕ್ಷಣ ಅಭಿವೃದ್ಧಿ ದಿನವಾಗಿ ಆಚರಿಸುತ್ತಿದೆ. ಕನ್ನಡ ಮಾಧ್ಯಮದ ಪುಟದಲ್ಲಿ ತಮಿಳು ನಾಯಕರೊಬ್ಬರ ಜೀವನ ಯಾಕೆ ಎಂದು ಓದುಗರು ಕೇಳಬಹುದು. ಕಂಬಂ ಕಣಿವೆಯ ಕನ್ನಡ ಮನೆಯಲ್ಲಿ ಹುಟ್ಟಿದ ನನ್ನಂಥವನು ಸ್ಲೇಟು ಹಿಡಿದದ್ದು ಅವರು ತೆರೆಸಿದ ಶಾಲೆಯ ಬಾಗಿಲಿನಿಂದ ಒಳಗೆ ಹೋಗಿ. ಇಂದು ಎಲ್ಲೆಡೆ ಶಾಲಾ ಆಯ್ಕೆಯ ಮಾತು ನಡೆದಿದೆ. ಮಗುವಿನ ಶಾಲೆಯನ್ನು ತಂದೆತಾಯಿಯೇ ಆರಿಸಲಿ, ಸರ್ಕಾರ ಅದಕ್ಕೆ ಹಣ ಕೊಡಲಿ ಎಂಬುದು ಆ ವಾದದ ಸಾರ. ಅದನ್ನು ತೂಗಿ ನೋಡಲು ಈ ಮನುಷ್ಯನ ಬದುಕಿಗಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ.

ವಿರುದುಪಟ್ಟಿಯ ಹುಡುಗ

ಕಾಮರಾಜರು 1903ರ ಜುಲೈ 15ರಂದು ಈಗಿನ ವಿರುದುನಗರದಲ್ಲಿ ಹುಟ್ಟಿದರು. ಆಗ ಅದರ ಹೆಸರು ವಿರುದುಪಟ್ಟಿ. ತಂದೆ ಕುಮಾರಸ್ವಾಮಿ ನಾಡಾರ್ ತೆಂಗಿನಕಾಯಿ ವ್ಯಾಪಾರಿ, ತಾಯಿ ಶಿವಗಾಮಿ ಅಮ್ಮಾಳ್. ಮನೆದೇವತೆ ಕಾಮಾಕ್ಷಿಯ ಹೆಸರನ್ನೇ ಮಗುವಿಗೂ ಇಟ್ಟಿದ್ದರು, ಆಮೇಲೆ ಅದು ಕಾಮರಾಜ್ ಆಯಿತು. ನಾಡಾರ್ ಜನರನ್ನು ಆ ಕಾಲದಲ್ಲಿ ದೇವಸ್ಥಾನದೊಳಗೆ ಬಿಡುತ್ತಿರಲಿಲ್ಲ. ಅಂಥ ಸಮುದಾಯ ತಾನೇ ದುಡ್ಡು ಕೂಡಿಸಿ ವಿರುದುಪಟ್ಟಿಯಲ್ಲಿ ಕ್ಷತ್ರಿಯ ವಿದ್ಯಾಶಾಲೆ ಎಂಬ ಶಾಲೆಯನ್ನು ಕಟ್ಟಿತ್ತು. ಪ್ರತಿ ಮನೆಯ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕಿಡುವುದು, ಅದನ್ನು ಮಾರಿ ಶಾಲೆ ನಡೆಸುವುದು, ಇದು ಅಲ್ಲಿನ ಪದ್ಧತಿ. ಮಕ್ಕಳಿಗೆ ಶುಲ್ಕ ಇರಲಿಲ್ಲ. ಕಾಮರಾಜರು ಓದಿದ್ದು ಆ ಹಿಡಿ ಅಕ್ಕಿಯ ಶಾಲೆಯಲ್ಲಿ.

ಓದು ಬಹಳ ದಿನ ನಡೆಯಲಿಲ್ಲ. ಅವರಿಗೆ ಆರು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ತಾಯಿ, ತಂಗಿ ನಾಗಮ್ಮಾಳ್, ಒಂದು ಸಣ್ಣ ಮನೆ, ಉಳಿದದ್ದು ಇಷ್ಟೇ. ಹನ್ನೆರಡರ ಆಸುಪಾಸಿನಲ್ಲಿ ಹುಡುಗ ಶಾಲೆ ಬಿಟ್ಟು ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೂತ. ಶುಲ್ಕವಿಲ್ಲದ ಶಾಲೆ ಮನೆಯ ಹತ್ತಿರವೇ ಇತ್ತು. ಆದರೂ ಮನೆಯಲ್ಲಿ ಗಳಿಸುವ ಕೈ ಇಲ್ಲದಾಗ ಆ ಶಾಲೆ ಅವನನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಶುಲ್ಕ ತೆಗೆದರೆ ಮಾತ್ರ ಸಾಲದು, ಹೊಟ್ಟೆಯ ಪ್ರಶ್ನೆಗೂ ಉತ್ತರ ಬೇಕು ಎಂಬುದು ಅವರಿಗೆ ಯಾವ ಸಮಿತಿಯ ವರದಿಯಿಂದಲೂ ತಿಳಿಯಬೇಕಾಗಿರಲಿಲ್ಲ.

ಅಂಗಡಿಯಲ್ಲಿ ಕೂತ ಹುಡುಗನ ಕಿವಿ ಬೀದಿಯ ಸಭೆಗಳ ಕಡೆ ಇತ್ತು. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಸುದ್ದಿ ಅವರನ್ನು ಕಾಂಗ್ರೆಸ್ಸಿಗೆ ಎಳೆಯಿತು. ಮನೆಯವರು ಹೆದರಿ ತಿರುವನಂತಪುರದಲ್ಲಿದ್ದ ಇನ್ನೊಬ್ಬ ಮಾವನ ಮರದ ಅಂಗಡಿಗೆ ಕಳಿಸಿದರು. ಅಲ್ಲಿಂದ ಅವರು ವೈಕಂ ಸತ್ಯಾಗ್ರಹಕ್ಕೆ ಹೋದರು. 1930ರ ವೇದಾರಣ್ಯಂ ಉಪ್ಪಿನ ಸತ್ಯಾಗ್ರಹದಲ್ಲಿ ಮೊದಲ ಬಾರಿ ಜೈಲು ಸೇರಿದರು. ಬ್ರಿಟಿಷರ ಕಾಲ ಮುಗಿಯುವಷ್ಟರಲ್ಲಿ ಹಲವು ಸಲ ಸೇರಿ ಅವರು ಜೈಲಿನಲ್ಲಿ ಕಳೆದದ್ದು ಸುಮಾರು ಒಂಬತ್ತು ವರ್ಷ. ಶಾಲೆಯಲ್ಲಿ ಸಿಗದ ಓದು ಅಲ್ಲಿ ಸಿಕ್ಕಿತು. ಇಂಗ್ಲಿಷ್ ಪತ್ರಿಕೆ ಓದುವಷ್ಟು ಇಂಗ್ಲಿಷನ್ನು ತಾವಾಗಿಯೇ ಕಲಿತರು. ಮದುವೆ ಆಗಲಿಲ್ಲ. 1941ರಲ್ಲಿ ಅವರು ಜೈಲಿನಲ್ಲಿದ್ದಾಗಲೇ ಊರಿನವರು ಅವರನ್ನು ವಿರುದುನಗರ ಪುರಸಭೆಯ ಅಧ್ಯಕ್ಷರನ್ನಾಗಿ ಆರಿಸಿದರು. ಬಿಡುಗಡೆಯಾಗಿ ಬಂದವರು ಆ ಹುದ್ದೆಗೆ ರಾಜೀನಾಮೆ ಕೊಟ್ಟರು. ಪೂರ್ತಿ ಗಮನ ಕೊಡಲಾಗದ ಕುರ್ಚಿಯಲ್ಲಿ ಕೂರಬಾರದೆಂಬುದು ಅವರ ನಿಲುವು.

ಅರ್ಧ ದಿನದ ಶಾಲೆ

1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಪ್ರಾಥಮಿಕ ಶಿಕ್ಷಣಕ್ಕೆ ಒಂದು ಹೊಸ ಯೋಜನೆ ತಂದರು. ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ. ಒಂದು ತಂಡ ಬೆಳಿಗ್ಗೆ, ಇನ್ನೊಂದು ತಂಡ ಮಧ್ಯಾಹ್ನ. ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಬೇಕು. ಇದ್ದ ಕಟ್ಟಡ, ಇದ್ದ ಮೇಷ್ಟರಲ್ಲೇ ಎರಡರಷ್ಟು ಮಕ್ಕಳಿಗೆ ಪಾಠ ಹೇಳಬಹುದೆಂಬ ಲೆಕ್ಕ ಅದರ ಹಿಂದಿತ್ತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕ್ಷೌರಿಕನ ಮಗ ಕತ್ತರಿ ಹಿಡಿಯಬೇಕು, ಕುಂಬಾರನ ಮಗ ಮಣ್ಣು ತುಳಿಯಬೇಕು ಎಂದು ಸರ್ಕಾರವೇ ಹೇಳಿದಂತಾಯಿತು. ಕುಲದ ಕಸುಬಿನ ಶಿಕ್ಷಣ ಎಂದು ಜನ ಸಿಟ್ಟಾದರು. ಪೆರಿಯಾರರೂ ಡಿಎಂಕೆಯೂ ಬೀದಿಗಿಳಿದವು, ಕಾಂಗ್ರೆಸ್ಸಿನ ಒಳಗೇ ವಿರೋಧ ಎದ್ದಿತು. 1954ರ ಏಪ್ರಿಲ್ 13ರಂದು ಕಾಮರಾಜರು ಮುಖ್ಯಮಂತ್ರಿಯಾದರು. ಮುಂದಿನ ತಿಂಗಳೇ ಆ ಯೋಜನೆಯನ್ನು ಕೈಬಿಡಲಾಯಿತು.

ಆರನೆಯ ತರಗತಿ ದಾಟದ ಮುಖ್ಯಮಂತ್ರಿ ಶಿಕ್ಷಣ ಖಾತೆಯನ್ನು ಸಿ. ಸುಬ್ರಹ್ಮಣ್ಯಂ ಅವರಿಗೆ ಕೊಟ್ಟರು. ನಾಯಕತ್ವಕ್ಕೆ ತಮ್ಮ ಎದುರು ನಿಂತಿದ್ದವರನ್ನೇ ಕರೆದು ಕೊಟ್ಟದ್ದು ಅವರ ದೊಡ್ಡತನ. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಎನ್.ಡಿ. ಸುಂದರವಡಿವೇಲು ಅವರಿದ್ದರು. ಶಾಲೆ ಇಲ್ಲದ ಊರುಗಳ ಪಟ್ಟಿ ತಯಾರಾಯಿತು. ಮಗು ನಡೆದು ಹೋಗುವ ದೂರದಲ್ಲಿ ಶಾಲೆ ಇರಬೇಕು ಎಂಬುದು ಅಳತೆ. ಮುನ್ನೂರು ಜನರಿರುವ ಸಣ್ಣ ಊರಿಗೂ ಶಾಲೆ ಬಂತು. ಕಟ್ಟಡ ಇಲ್ಲದ ಕಡೆ ದೇವಸ್ಥಾನದ ಜಗಲಿ, ಚಾವಡಿ, ಮರದ ನೆರಳು. ಒಬ್ಬನೇ ಮೇಷ್ಟರು ಇರುವ ಶಾಲೆಗಳೂ ನೂರಾರು ಹುಟ್ಟಿದವು.

ಮಧ್ಯಾಹ್ನದ ಊಟದ ಬಗ್ಗೆ ಇಂದಿಗೂ ಒಂದು ಕತೆ ಹೇಳುತ್ತಾರೆ. ತಿರುನೆಲ್ವೇಲಿ ಕಡೆಯ ಚೇರನ್‌ಮಹಾದೇವಿಯ ರೈಲ್ವೆ ಗೇಟಿನಲ್ಲಿ ಕಾರು ನಿಂತಾಗ ಕಾಮರಾಜರು ದನ ಮೇಯಿಸುತ್ತಿದ್ದ ಹುಡುಗನನ್ನು ಕಂಡು, ಶಾಲೆಗೆ ಯಾಕೆ ಹೋಗಲಿಲ್ಲ ಎಂದು ವಿಚಾರಿಸಿದರಂತೆ. ಶಾಲೆಗೆ ಹೋದರೆ ಊಟ ಕೊಡುವವರು ಯಾರು ಎಂದು ಹುಡುಗ ಮರುಪ್ರಶ್ನೆ ಹಾಕಿದನಂತೆ. ಕತೆ ನಡೆದದ್ದು ಹಾಗೆಯೋ ಅಲ್ಲವೋ, ಆ ಪ್ರಶ್ನೆ ಮಾತ್ರ ವಿರುದುಪಟ್ಟಿಯ ಬಟ್ಟೆ ಅಂಗಡಿಯಿಂದಲೇ ಅವರ ಜೊತೆ ಬಂದಿತ್ತು. ಮದ್ರಾಸ್ ನಗರದಲ್ಲಿ 1920ರಲ್ಲೇ ಪಿ. ತ್ಯಾಗರಾಯ ಚೆಟ್ಟಿಯವರು ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ಊಟ ಕೊಡಿಸಿದ್ದರು. ಕಾಮರಾಜರ ಸರ್ಕಾರ ಅದನ್ನು ಹಳ್ಳಿಗಳಿಗೆ ತಂದಿತು. 1956ರಲ್ಲಿ ಕವಿ ಭಾರತಿಯವರ ಹುಟ್ಟೂರು ಎಟ್ಟಯಪುರದಲ್ಲಿ ಯೋಜನೆ ಆರಂಭವಾಯಿತು. ಖರ್ಚಿನಲ್ಲಿ ಸರ್ಕಾರದ ಪಾಲೂ ಇತ್ತು, ಊರಿನ ಪಾಲೂ ಇತ್ತು. ಹಿಡಿ ಅಕ್ಕಿಯ ಪದ್ಧತಿಯೇ ರಾಜ್ಯದಷ್ಟು ದೊಡ್ಡದಾಯಿತು ಎನ್ನಬಹುದು.

1958ರಿಂದ ಶಾಲಾ ಸುಧಾರಣಾ ಸಮ್ಮೇಳನಗಳು ನಡೆದವು. ಊರಿನವರು ಬೆಂಚು, ಗಡಿಯಾರ, ನೀರಿನ ಹಂಡೆ, ಜಮೀನು, ಏನು ಸಾಧ್ಯವೋ ಅದನ್ನು ತಂದು ಶಾಲೆಗೆ ಕೊಟ್ಟರು. ಬಡ ಮಕ್ಕಳಿಗೆ ಸಮವಸ್ತ್ರ ಬಂತು. 1960ರ ಹೊತ್ತಿಗೆ ಬಡವರ ಮಕ್ಕಳಿಗೆ ಹೈಸ್ಕೂಲಿನವರೆಗೂ ಶುಲ್ಕ ಇಲ್ಲ ಎಂದಾಯಿತು. ಕರ್ನಾಟಕದ ಓದುಗರಿಗೆ ಅಕ್ಷರ ದಾಸೋಹದ ಬಿಸಿಯೂಟ ಗೊತ್ತು. ಅದು ಶುರುವಾದದ್ದು 2001ರ ಸುಪ್ರೀಂ ಕೋರ್ಟ್ ಆದೇಶದ ನಂತರ. ಮದ್ರಾಸಿನ ಹಳ್ಳಿಗಳ ಶಾಲೆಯಲ್ಲಿ ಒಲೆ ಹೊತ್ತಿ ಆಗಲೇ ನಾಲ್ಕು ದಶಕ ದಾಟಿತ್ತು.

ನಮ್ಮ ಕಣಿವೆಗೆ ಬಂದದ್ದು, ಬಾರದೆ ಉಳಿದದ್ದು

ಕಂಬಂ ಕಣಿವೆಯಲ್ಲಿ ಕಾಪಿಲಿಯ ಒಕ್ಕಲಿಗರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಾರೆ. ಕಂಬಂ ಊರಿನ ತಂಬಿರಾನ್ ಮಾಟು ತೊಳು, ಅಂದರೆ ದೇವರ ದನಗಳ ಕೊಟ್ಟಿಗೆ, ಅವರದೇ. ದಿಂಡಿಗಲ್ ಕಡೆ ಅನುಪ್ಪರಿದ್ದಾರೆ. ಕುರುಬರಿದ್ದಾರೆ, ನೇಯುವ ದೇವಾಂಗರಿದ್ದಾರೆ. ವಿರುದುನಗರದ ಪಕ್ಕದ ಅರುಪ್ಪುಕೋಟ್ಟೈಯಲ್ಲೂ ಕನ್ನಡ ಮಾತಾಡುವ ದೇವಾಂಗರುಂಟು. ಆದ್ದರಿಂದ ಕಾಮರಾಜರಿಗೆ ನಮ್ಮ ಮಾತು ಕಿವಿಗೆ ಬೀಳದ ಮಾತೇನಾಗಿರಲಿಲ್ಲ.

ನಾನು ಶಾಲೆ ಸೇರಿದ್ದು ಅರವತ್ತರ ದಶಕದ ನಡುವೆ. ಆಗಲೇ ಅವರು ಮುಖ್ಯಮಂತ್ರಿ ಪದವಿ ಬಿಟ್ಟಾಗಿತ್ತು, ಊಟ ಮಾತ್ರ ನಿಂತಿರಲಿಲ್ಲ. ನಮ್ಮವ್ವ ಬೆಳಕು ಹರಿಯುವ ಮೊದಲೇ ಏಲಕ್ಕಿ ತೋಟದ ಕೂಲಿಗೆ ಘಟ್ಟ ಹತ್ತುತ್ತಿದ್ದರು. ಶಾಲೆಯಲ್ಲಿ ಊಟ ಇಲ್ಲದಿದ್ದರೆ ನಾನು ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಇರುತ್ತಿದ್ದೆ. ಯಾವ ಶಾಲೆ ಬೇಕು ಎಂದು ಅವ್ವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹತ್ತಿರದ್ದು, ಅನ್ನ ಇರುವುದು ಎಂದೇ ಹೇಳುತ್ತಿದ್ದರು. ಬಡವರ ಮನೆಯ ಆಯ್ಕೆ ಅಲ್ಲಿಂದ ಶುರುವಾಗುತ್ತದೆ.

ಆದರೆ ಆ ಶಾಲೆಯಲ್ಲಿ ನನ್ನ ಮನೆಯ ಮಾತಿಗೆ ಅಕ್ಷರ ಇರಲಿಲ್ಲ. ಅವ್ವ ಆಡುವ ಮಾತಿಗೂ ಒಂದು ಲಿಪಿ ಉಂಟೆಂದು ನನಗೆ ಗೊತ್ತಾದದ್ದು ಐದನೆಯ ತರಗತಿ ಮುಗಿದ ಮೇಲೆ, ಸೋದರಮಾವ ಕರೆದುಕೊಂಡು ಹೋಗಿ ಕೊಳ್ಳೇಗಾಲದ ಕಡೆ ಕನ್ನಡ ಶಾಲೆಗೆ ಸೇರಿಸಿದಾಗ. ಹತ್ತು ವರ್ಷದ ಹುಡುಗ ಒಂದನೆಯ ತರಗತಿಯ ಮಕ್ಕಳ ಜೊತೆ ಕೂತು ಅಕ್ಷರಮಾಲೆ ತಿದ್ದಿದೆ. ಅಂಥ ಮಾವ ನನ್ನ ಜೊತೆಯವರಿಗೆ ಇರಲಿಲ್ಲ. ಅವರು ಇಂದಿಗೂ ಕನ್ನಡದಲ್ಲಿ ಜಗಳ ಆಡುತ್ತಾರೆ, ಹಾಡು ಹೇಳುತ್ತಾರೆ, ಆದರೆ ಒಂದು ಸಾಲು ಬರೆಯಲಾರರು.

ಇದನ್ನು ಕಾಮರಾಜರ ತಪ್ಪು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಅವರ ಕಾಲದಲ್ಲೇ, 1956ರ ನವೆಂಬರ್ 1ರಂದು, ರಾಜ್ಯಗಳ ಗೆರೆ ಬದಲಾಯಿತು. ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿಯೂ ಹೊಸೂರೂ ಮದ್ರಾಸಿನಲ್ಲೇ ಉಳಿದವು, ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಕಣಿವೆಯ ತಲೆಯ ಮೇಲಿರುವ ದೇವಿಕುಳಂ, ಪೀರುಮೇಡು ಕೇರಳದ್ದಾದವು. ಆ ಎರಡು ತಾಲ್ಲೂಕುಗಳಿಗಾಗಿ ಕಾಮರಾಜರು ಹಟ ಹಿಡಿಯಲಿಲ್ಲ ಎಂದು ತಮಿಳರು ಈಗಲೂ ಬೇಸರ ಮಾಡಿಕೊಳ್ಳುತ್ತಾರೆ. ಎಲ್ಲಿದ್ದರೂ ಭಾರತದೊಳಗೇ ಇದೆಯಲ್ಲ ಎಂಬುದು ಅವರ ಸಮಾಧಾನ. ಗೆರೆಯ ಬಗ್ಗೆ ಅವರಿಗೆ ಅಷ್ಟು ಚಿಂತೆ ಇರಲಿಲ್ಲ, ನೀರು ಮತ್ತು ಶಾಲೆಯ ಬಗ್ಗೆ ಇತ್ತು. ಆಂಡಿಪಟ್ಟಿಯ ಬಳಿಯ ವೈಗೈ ಅಣೆಕಟ್ಟು 1959ರಲ್ಲಿ ಉದ್ಘಾಟನೆಯಾದದ್ದು ಅವರ ಆಳ್ವಿಕೆಯಲ್ಲಿ. ಆದರೆ ಗೆರೆಯ ಈಚೆಗೆ ಉಳಿದ ಮಗುವಿನ ನುಡಿ ಏನಾಗುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 1956ರಲ್ಲೇ ಅವರ ಸರ್ಕಾರ ತಮಿಳನ್ನು ಆಡಳಿತ ಭಾಷೆಯಾಗಿ ಮಾಡಿತು. ತಮಿಳು ಮಗುವಿಗೆ ಅದು ನ್ಯಾಯ.

ಕನ್ನಡ ಮಗುವಿಗೂ ಕಾಗದದ ಮೇಲೆ ನ್ಯಾಯ ಇತ್ತು. 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತ್ತು. ಒಂದು ತರಗತಿಯಲ್ಲಿ ಹತ್ತು, ಅಥವಾ ಇಡೀ ಶಾಲೆಯಲ್ಲಿ ನಲವತ್ತು ಮಕ್ಕಳ ಮಾತೃಭಾಷೆ ಬೇರೆಯಾಗಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸಲು ಒಬ್ಬ ಮೇಷ್ಟರನ್ನಾದರೂ ನೇಮಿಸಬೇಕು. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಆದರೆ ಕೇಳುವವರು ಬೇಕು. ನಮ್ಮ ಕಣಿವೆಯ ಕೂಲಿ ತಾಯಂದಿರಿಗೆ ಹೀಗೊಂದು ಸೂತ್ರ ಉಂಟೆಂದು ಹೇಳಿದವರಾರು?

ಕೊನೆಯ ವರ್ಷಗಳು

1963ರ ಅಕ್ಟೋಬರ್ 2ರಂದು ಕಾಮರಾಜರು ತಾವಾಗಿಯೇ ಮುಖ್ಯಮಂತ್ರಿ ಪದವಿ ಬಿಟ್ಟು ಪಕ್ಷದ ಕೆಲಸಕ್ಕೆ ಹೋದರು. ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ, 1966ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದಾಗ ಹಿಂದೆ ನಿಂತು ದಾರಿ ಮಾಡಿಕೊಟ್ಟವರು ಅವರೇ. ನಡುವೆ 1965ರ ಹಿಂದಿ ವಿರೋಧಿ ಚಳವಳಿ ತಮಿಳುನಾಡನ್ನು ಅಲುಗಾಡಿಸಿತು. 1967ರ ಚುನಾವಣೆಯಲ್ಲಿ ತಮ್ಮ ಹುಟ್ಟೂರು ವಿರುದುನಗರದಲ್ಲೇ ವಿದ್ಯಾರ್ಥಿ ನಾಯಕ ಪಿ. ಶ್ರೀನಿವಾಸನ್ ಎದುರು 1,285 ಮತಗಳಿಂದ ಸೋತರು. ಶಾಲೆ ಕೊಟ್ಟವರನ್ನು ಶಾಲೆ ಕಲಿತ ತಲೆಮಾರು ಸೋಲಿಸಿತು. ಅನ್ನ, ಶಾಲೆ ಎರಡೂ ಸಿಕ್ಕ ಮೇಲೆ ಜನ ತಮ್ಮ ನುಡಿಯನ್ನು ಕೇಳಿದರು. ಅದರಲ್ಲಿ ಕೃತಘ್ನತೆ ಇಲ್ಲ, ಓದಿದವರು ಮುಂದಿನದನ್ನು ಕೇಳುವುದು ಸಹಜ. ಕಾಮರಾಜರೂ ಸೋಲನ್ನು ಗೊಣಗದೆ ಒಪ್ಪಿಕೊಂಡರು. 1969ರಲ್ಲಿ ನಾಗರಕೋಯಿಲಿನಿಂದ ಲೋಕಸಭೆಗೆ ಹೋದರು. 1975ರ ಅಕ್ಟೋಬರ್ 2ರಂದು ಮದ್ರಾಸಿನ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ಬಿಟ್ಟು ಹೋದದ್ದು ಕೆಲವು ಜೊತೆ ಬಟ್ಟೆ, ಪುಸ್ತಕ, ನೂರಿನ್ನೂರು ರೂಪಾಯಿಯೊಳಗಿನ ಹಣ. ಮರುವರ್ಷ ಅವರಿಗೆ ಭಾರತ ರತ್ನ ಸಂದಿತು.

ಹತ್ತನೆಯ ಹೆಸರು

ಈಗ ಶಾಲಾ ಆಯ್ಕೆಯ ಮಾತಿಗೆ ಬರೋಣ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕಲಿಕಾ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ತಂದೆತಾಯಿಗೆ ಸೇರಿದ್ದು, ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯ ಶೇ 25 ಸೀಟುಗಳು ಬಡ ಮಕ್ಕಳಿಗೆ, ಶುಲ್ಕವನ್ನು ಸರ್ಕಾರ ಭರಿಸುತ್ತದೆ. ಅದರಿಂದ ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ ಎಂದು ಕಂಡ ಕರ್ನಾಟಕ 2019ರಲ್ಲಿ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಇಲ್ಲ ಎಂದಿತು. ನಮ್ಮ ಮಧುರೈ, ತೇನಿ, ದಿಂಡಿಗಲ್ ಕಡೆ ಸರ್ಕಾರಿ ಶಾಲೆ, ಕಳ್ಳರ್ ಶಾಲೆ, ಅನುದಾನಿತ ಶಾಲೆ, ಮೆಟ್ರಿಕ್ಯುಲೇಷನ್ ಶಾಲೆ ಎಲ್ಲವೂ ಇವೆ. ನೋಡಿದರೆ ಆಯ್ಕೆಗೆ ಕೊರತೆಯೇ ಇಲ್ಲ.

ನಾನು ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ಒಂದು ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರಿದ್ದವು. ಮನೆ ಬಾಗಿಲಿಗೆ ಹಳದಿ ವ್ಯಾನ್ ಬರತೊಡಗಿತು. ಮೊದಲ ತಿಂಗಳಲ್ಲೇ ಇಬ್ಬರು ತಂದೆಯರು ಬಂದು ವರ್ಗಾವಣೆ ಪತ್ರ ಕೇಳಿದರು. ಇಬ್ಬರಿಗೂ ನಾನೇ ಸಹಿ ಹಾಕಿಕೊಟ್ಟೆ. ಅವರನ್ನು ಬೈಯಲು ನನಗೆ ಬಾಯಿ ಇರಲಿಲ್ಲ, ನನ್ನ ಮಗನನ್ನು ನಾನೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೆ. ತರಗತಿಯಲ್ಲಿ ಒಂಬತ್ತು ಮಕ್ಕಳು ಉಳಿದರು. ಮುಂದಿನ ವರ್ಷ ಇನ್ನೂ ಕಡಿಮೆ. ಹೋದವರಿಗೆ ಆಯ್ಕೆ ಇತ್ತು. ವ್ಯಾನಿಗೆ ದುಡ್ಡಿಲ್ಲದ ಆ ಒಂಬತ್ತು ಮನೆಯವರ ಆಯ್ಕೆಯನ್ನು ಹೋದವರ ಜೊತೆ ನಾನೂ ಸೇರಿ ಕಿತ್ತುಕೊಂಡೆವು. ಒಂದು ಮನೆ ತನಗಾಗಿ ಆರಿಸುವಾಗ ಪಕ್ಕದ ಮನೆಯ ಶಾಲೆಯೂ ತೂಗುತ್ತಿರುತ್ತದೆ ಎಂಬುದನ್ನು ನಾನು ತಡವಾಗಿ ಕಲಿತೆ.

ಕಾಮರಾಜರ ಬದುಕು ಕಲಿಸುವುದೂ ಇದನ್ನೇ. ಅವರು ಯಾರ ಕೈಗೂ ಚೀಟಿ ಕೊಟ್ಟು ಶಾಲೆ ಹುಡುಕಿಕೊಳ್ಳಿ ಎನ್ನಲಿಲ್ಲ. ಶಾಲೆಯನ್ನೇ ಮಗುವಿನ ಬಳಿಗೆ ತಂದರು, ಅದರಲ್ಲಿ ಅನ್ನ ಇಟ್ಟರು. ಆಮೇಲೆ ಉಳಿದ ಕೆಲಸ, ಆ ಹತ್ತಿರದ ಶಾಲೆಯೊಳಗೆ ಮಗುವಿನ ನುಡಿಯನ್ನೂ ಕೂರಿಸುವುದು, ನಮ್ಮ ಪಾಲಿನದಾಗಿತ್ತು. ಅದನ್ನು ನಾವು ಮಾಡಲಿಲ್ಲ.

ಮಾಡಬಹುದಾದದ್ದು ದೊಡ್ಡದೇನಲ್ಲ. ಮುಂದಿನ ಜೂನ್‌ಗೆ ಮೊದಲು ಕನ್ನಡ ಆಡುವ ಹತ್ತು ಮನೆಯವರು ಒಟ್ಟಿಗೆ ಕೂತು, ಒಂದೇ ಸರ್ಕಾರಿ ಶಾಲೆಯ ಒಂದೇ ತರಗತಿಗೆ ಮಕ್ಕಳನ್ನು ಸೇರಿಸುವುದು. ಮಾತೃಭಾಷೆಯ ಕಾಲಂನಲ್ಲಿ ಕನ್ನಡ ಎಂದು ಬರೆಸುವುದು. ತಮಿಳು ಕಲಿಯುತ್ತೇವೆ, ಅದರ ಜೊತೆ ನಮಗೊಬ್ಬ ಕನ್ನಡ ಮೇಷ್ಟರು ಬೇಕು ಎಂದು ಜಿಲ್ಲಾ ಶಿಕ್ಷಣಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯುವುದು. ಅರ್ಜಿ ಬರೆಯಲು ಬಾರದವರಿದ್ದರೆ ತಮಿಳಿನಲ್ಲೂ ಕನ್ನಡದಲ್ಲೂ ಬರೆದುಕೊಡಲು ನಾನಿದ್ದೇನೆ. ಒಂಬತ್ತು ಹೆಸರು ಸಿಕ್ಕಿ ಹತ್ತನೆಯದು ಸಿಗದಿದ್ದರೆ, ಒಂದನೆಯ ತರಗತಿಗೆ ಬರುವ ನನ್ನ ಮೊಮ್ಮಗನ ಹೆಸರನ್ನು ಸೇರಿಸಲು ಮಗನನ್ನು ಒಪ್ಪಿಸಿದ್ದೇನೆ.